ಭಾರಲೋಹದ ಟೆಸ್ಟ್ ಮಾಡಿಸಿ, ಆದರೆ ರಿಪೋರ್ಟಿನ ಕೊನೇ ಪುಟ ನಂಬಬೇಡಿ

ಚಿಕ್ಕಮಗಳೂರು ಪೇಟೆಯಲ್ಲಿ ಮಣ್ಣು, ಎಲೆ ಪರೀಕ್ಷೆ ಮಾಡುವ ಒಂದು ಖಾಸಗಿ ಲ್ಯಾಬ್‌ನಲ್ಲಿ ಈ ಸಲ ಭಾರಲೋಹದ ಪ್ಯಾಕೇಜ್ ತಗೊಂಡೆ. ಮಾಮೂಲಿ ಸಾರಜನಕ, ರಂಜಕ, ಪೊಟ್ಯಾಷ್ ಟೆಸ್ಟ್ ಅಲ್ಲ ಇದು. ತಾಮ್ರ, ಸತು, ಕಬ್ಬಿಣ, ಮ್ಯಾಂಗನೀಸ್, ಜೊತೆಗೆ ಕ್ಯಾಡ್ಮಿಯಂ, ಸೀಸ, ನಿಕ್ಕಲ್. ದುಡ್ಡು ಸಾಕಷ್ಟು ಜಾಸ್ತಿ. ಆದರೂ ಹಳೇ ಅರೇಬಿಕಾ ಕಾಫಿ ತೋಟ ಇರುವವರು ಒಂದು ಸಲ ಮಾಡಿಸಲೇಬೇಕು ಅನ್ನುತ್ತೇನೆ. ಲ್ಯಾಬ್ ಹೆಸರು ಹಾಕುತ್ತಿಲ್ಲ. ನನ್ನ ದೂರು ಇರುವುದು ಆ ಒಬ್ಬರ ಮೇಲಲ್ಲ, ಇದೇ ಥರ ರಿಪೋರ್ಟ್ ಕೊಡುವ ಎಲ್ಲರ ಮೇಲೆ.

ನಮ್ಮ ಹಳೇ ಬ್ಲಾಕ್‌ನಲ್ಲಿ ಎಸ್.795 ಅನ್ನುವ ಅರೇಬಿಕಾ ತಳಿ ಇದೆ. ಅಪ್ಪನ ಕಾಲದ ಗಿಡಗಳು. ಅಲ್ಲಿ ಹೊಸ ಚಿಗುರು ಹಳದಿ ಬರುತ್ತಿತ್ತು, ನರ ಮಾತ್ರ ಹಸಿರು. ನೋಡಿದವರೆಲ್ಲ ಕಬ್ಬಿಣದ ಕೊರತೆ, ಫೆರಸ್ ಸಲ್ಫೇಟ್ ಹೊಡೀರಿ ಅಂದರು. ಆದರೆ ಪಕ್ಕದಲ್ಲೇ ಇರುವ ಹೊಸ ಬ್ಲಾಕ್‌ಗೆ ಅದೇ ಗೊಬ್ಬರ, ಅದೇ ಮಳೆ, ಅದೇ ನೆರಳು, ಅಲ್ಲಿ ಎಲೆ ಕಡು ಹಸಿರು. ಹಾಗಿದ್ದರೆ ಕಾರಣ ಮಣ್ಣಿನಲ್ಲೇ ಇರಬೇಕು ಅಲ್ವಾ? ಎರಡೂ ಕಡೆ ಬುಡ ಬಿಡಿಸಿ ನೋಡಿದೆ. ಹೊಸ ಬ್ಲಾಕ್‌ನಲ್ಲಿ ದರಗಿನ ಕೆಳಗೇ ಬಿಳಿ ಕೂದಲು ಬೇರು ಹೆಣೆದುಕೊಂಡಿತ್ತು. ಹಳೇದರಲ್ಲಿ ಬೇರಿನ ತುದಿ ಮೊಂಡಾಗಿ, ಕಂದಾಗಿ, ಕವಲು ಒಡೆಯದೆ ನಿಂತಿತ್ತು. ಇದನ್ನು ನೋಡಿದ ಮೇಲೇ ಲ್ಯಾಬ್‌ಗೆ ಹೋದದ್ದು.

ಒಳ್ಳೇದು ಮೊದಲು ಹೇಳುತ್ತೇನೆ. ಮಣ್ಣು ತೆಗೆಯುವುದು ಹೇಗೆ ಅಂತ ಅಲ್ಲಿನ ಹುಡುಗ ಕೂರಿಸಿಕೊಂಡು ಹೇಳಿಕೊಟ್ಟ. "ಸರ್, ತಗಡಿನ ಬಕೆಟ್, ತುಕ್ಕು ಹಿಡಿದ ಬಾಂಡ್ಲಿ ಬೇಡ, ಪ್ಲಾಸ್ಟಿಕ್ ಬಕೆಟ್ ತಗೊಳ್ಳಿ. ದರಗು ಸರಿಸಿ ಒಂಬತ್ತು ಇಂಚು ಆಳದವರೆಗೆ ತೆಗೀರಿ. ಗೊಬ್ಬರ ಹಾಕಿ ಸ್ವಲ್ಪ ದಿನಕ್ಕೇ ತರಬೇಡಿ." ತಗಡಿನ ಬಕೆಟ್‌ಗೆ ಸತುವಿನ ಲೇಪ ಇರುತ್ತದೆ, ಅದು ಉದುರಿ ಮಣ್ಣಿಗೆ ಸೇರಿದರೆ ಸತುವಿನ ಲೆಕ್ಕವೇ ತಪ್ಪುತ್ತದೆ. ಇದನ್ನು ಹೇಳುವವರು ಕಮ್ಮಿ. ಎರಡೂ ಬ್ಲಾಕ್‌ನ ಮಣ್ಣನ್ನು ಬೇರೆಬೇರೆ ಮಾಡಿಸಿ ಅಂತ ಅವನೇ ಹೇಳಿದ, ಬರೀ ಬಿಲ್ ಜಾಸ್ತಿ ಮಾಡೋಕಲ್ಲ. ಹೋಲಿಸಿ ನೋಡಲು ಪಕ್ಕದಲ್ಲಿ ಒಂದು ಒಳ್ಳೇ ಮಣ್ಣು ಇಲ್ಲದಿದ್ದರೆ ಈ ಟೆಸ್ಟ್‌ನ ಅರ್ಧ ಪ್ರಯೋಜನ ಹೋಗುತ್ತದೆ.

ರಿಪೋರ್ಟ್ ಹೇಳಿದ ದಿನಕ್ಕೇ ಮೊಬೈಲ್‌ಗೆ ಬಂತು. ಹಳೇ ಬ್ಲಾಕ್‌ನಲ್ಲಿ ಗಿಡಕ್ಕೆ ಸಿಗುವ ತಾಮ್ರ, ಅಂದರೆ ಡಿಟಿಪಿಎ ವಿಧಾನದಲ್ಲಿ ಅಳೆದದ್ದು, 38 ಪಿಪಿಎಂ (ಹತ್ತು ಲಕ್ಷ ಪಾಲಿಗೆ 38 ಪಾಲು). ಹೊಸ ಬ್ಲಾಕ್‌ನಲ್ಲಿ 3. ಕೊರತೆ ಅಂತ ಲೆಕ್ಕ ಹಾಕುವುದು 0.2ಕ್ಕಿಂತ ಕೆಳಗೆ ಹೋದಾಗ. ಕ್ಯಾಡ್ಮಿಯಂ, ಸೀಸ ಎರಡೂ ಏನೂ ಇಲ್ಲ ಅನ್ನುವಷ್ಟು ಕಮ್ಮಿ. ರಂಜಕದ ಗೊಬ್ಬರದ ಜೊತೆ ಕ್ಯಾಡ್ಮಿಯಂ ಸ್ವಲ್ಪಸ್ವಲ್ಪ ಬರುತ್ತದೆ, ಅದಕ್ಕೇ ಆ ಸಾಲನ್ನೇ ಮೊದಲು ನೋಡಿದೆ. ಸಮಾಧಾನ ಆಯಿತು.

ಇಷ್ಟು ತಾಮ್ರ ಬಂದದ್ದು ಬೋರ್ಡೋದಿಂದಲೇ, ಅಂದರೆ ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಯುವ ಔಷಧಿಯಿಂದ. ಎಲೆ ತುಕ್ಕು ರೋಗಕ್ಕೆ 0.5% ಬೋರ್ಡೋ ಅಂದರೆ 200 ಲೀಟರ್ ಡ್ರಮ್ಮಿಗೆ ಒಂದು ಕೆಜಿ ಮೈಲುತುತ್ತ. ಅದರಲ್ಲಿ ಕಾಲು ಭಾಗ, ಅಂದರೆ 250 ಗ್ರಾಂ, ಶುದ್ಧ ತಾಮ್ರ. ಎಕರೆಗೆ ಐದು ಡ್ರಮ್, ವರ್ಷಕ್ಕೆ ಎರಡು ಸುತ್ತು ಅಂತ ಇಟ್ಟುಕೊಂಡರೂ 40 ವರ್ಷಕ್ಕೆ ಎಕರೆಗೆ 100 ಕೆಜಿ ತಾಮ್ರ ಸುರಿದ ಹಾಗಾಯಿತು. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ನಮ್ಮ ಮಲೆನಾಡಿನ ಮಳೆಗೂ ಅಷ್ಟು ಸುಲಭಕ್ಕೆ ಆಳಕ್ಕೆ ಇಳಿಯುವುದಿಲ್ಲ. ದರಗಿನ ಕೆಳಗಿನ ಕಪ್ಪು ಮಣ್ಣಿಗೆ ಅಂಟಿ ಮೇಲೆಯೇ ಕೂರುತ್ತದೆ, ಕಾಫಿಯ ಕೂದಲು ಬೇರು ಹರಡುವುದೂ ಅಲ್ಲೇ. ಬೋರ್ಡೋ ಹುಟ್ಟಿದ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದ ಇದನ್ನು ಹೊಡೆಯುತ್ತಿದ್ದಾರೆ, ಅಲ್ಲೂ ಇದೇ ಕಥೆ. ಹಾಗಂತ ಬೋರ್ಡೋವನ್ನು ಬೈಯುತ್ತಿಲ್ಲ. ತುಕ್ಕು ರೋಗದಿಂದ ನಮ್ಮ ಅರೇಬಿಕಾ ಉಳಿದದ್ದೇ ಅದರಿಂದ.

ತಾಮ್ರ ಗಿಡಕ್ಕೆ ಬೇಡವಾದದ್ದೂ ಅಲ್ಲ. ಬೇಕು, ಆದರೆ ಚಿಟಿಕೆಯಷ್ಟು. ಸಾಮಾನ್ಯವಾಗಿ ಒಂದು ಕೆಜಿ ಒಣಗಿದ ಎಲೆಯಲ್ಲಿ 5ರಿಂದ 20 ಮಿಲಿಗ್ರಾಂ ಇದ್ದರೆ ಸಾಕು. ಜಾಸ್ತಿಯಾದಾಗ ಮೊದಲು ಏಟು ಬೀಳುವುದು ಬೇರಿನ ತುದಿಗೆ. ಬೇರು ಉದ್ದ ಆಗುವುದು ನಿಲ್ಲುತ್ತದೆ, ಕಬ್ಬಿಣ, ಸತು ಒಳಗೆ ಹೋಗುವುದಕ್ಕೆ ಅಡ್ಡಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಚಿಗುರು ಹಳದಿ ಆಗುವುದು ಹೀಗೆ. ಗಿಡವೂ ಸುಮ್ನೆ ಕೂರುವುದಿಲ್ಲ. ಬಂದ ಲೋಹವನ್ನು ಬೇರಿನ ಜೀವಕೋಶದ ಗೋಡೆಯಲ್ಲೇ ತಡೆಯಲು ನೋಡುತ್ತದೆ. ದಾಟಿ ಒಳಗೆ ಬಂದದ್ದನ್ನು ಫೈಟೋಕೆಲಾಟಿನ್ ಥರದ ಗಂಧಕ ಇರುವ ಪುಟ್ಟ ಸರಪಳಿಗಳಿಂದ ಕಟ್ಟುತ್ತದೆ, ಆಮೇಲೆ ಜೀವಕೋಶದೊಳಗಿನ ದೊಡ್ಡ ಚೀಲಕ್ಕೆ ತಳ್ಳುತ್ತದೆ, ತುಂಟ ದನಕ್ಕೆ ಹಗ್ಗ ಹಾಕಿ ಕೊಟ್ಟಿಗೆಗೆ ಸೇರಿಸಿದ ಹಾಗೆ. ಈ ಸರಪಳಿಗಳನ್ನು ಗಿಡದಲ್ಲಿ 1985ರಲ್ಲಿ ಜರ್ಮನಿಯ ವಿಜ್ಞಾನಿಗಳು ಮೊದಲು ಗುರುತಿಸಿದ್ದು ನಮ್ಮ ಸರ್ಪಗಂಧದ ಜೀವಕೋಶಗಳಿಗೆ ಕ್ಯಾಡ್ಮಿಯಂ ಕೊಟ್ಟು ನೋಡಿದಾಗ. ಓದಿ ನನಗೆ ತುಂಬಾ ಖುಷಿಯಾಯಿತು.

ಆದರೆ ಈ ಕೆಲಸಕ್ಕೆಲ್ಲ ಖರ್ಚಿದೆ. ಫೈಟೋಕೆಲಾಟಿನ್ ಮಾಡೋಕೆ ಗ್ಲುಟಾಥಯೋನ್ ಅನ್ನುವ ಗಂಧಕದ ಸಣ್ಣ ಅಣು ಬೇಕು, ಬಿಸಿಲು, ಬರಗಾಲದ ಹೊಡೆತ ತಡೆಯೋಕೂ ಗಿಡ ಅದನ್ನೇ ಬಳಸುತ್ತದೆ. ಬೇರು ಬೇರೆ ಮೊಟಕು. ಏಪ್ರಿಲ್ ಬಿಸಿಲಿಗೆ ನೀರು ಸಾಲದೆ ಎಲೆಯ ರಂಧ್ರಗಳನ್ನು ಬೇಗ ಮುಚ್ಚಿಕೊಳ್ಳುತ್ತದೆ, ಮುಚ್ಚಿದರೆ ಆಹಾರ ತಯಾರಿಯೂ ಇಳಿಯುತ್ತದೆ. ಕಾಫಿ ಹೂ ಅರಳಿಸುವ ಮಳೆ ತಡವಾದ ವರ್ಷ ನಮ್ಮ ಹಳೇ ಬ್ಲಾಕ್ ಮಾತ್ರ ಮೊದಲು ಸೊರಗುವುದು ಯಾಕೆ ಅಂತ ಈಗ ಅರ್ಥ ಆಗುತ್ತಿದೆ.

ಈಗ ಬೇಜಾರಿನ ವಿಷಯ. ರಿಪೋರ್ಟಿನ ಕೊನೇ ಪುಟದಲ್ಲಿ "ಶಿಫಾರಸು" ಅಂತ ಇರುತ್ತದೆ. ಮೊದಲ ಪುಟದಲ್ಲಿ ತಾಮ್ರದ ಮುಂದೆ "ಅತಿ ಹೆಚ್ಚು" ಅಂತ ಕೆಂಪಕ್ಷರದಲ್ಲಿ ಬರೆದವರೇ ಕೊನೇ ಪುಟದಲ್ಲಿ ತಾಮ್ರ ಇರುವ ಲಘು ಪೋಷಕಾಂಶದ ಮಿಶ್ರಣ ಹಾಕಿ ಅಂತ ಬರೆದಿದ್ದರು! ಫೋನ್ ಮಾಡಿ ಕೇಳಿದರೆ, "ಅದು ಕಂಪ್ಯೂಟರ್‌ನಲ್ಲೇ ಹಾಗೆ ಬರುತ್ತೆ ಸರ್" ಅಂದರು. ಇದನ್ನು ನಾನು ಸಣ್ಣ ತಪ್ಪು ಅನ್ನುವುದಿಲ್ಲ. ಎಷ್ಟು ಜನ ಮೊದಲ ಪುಟದ ಅಂಕಿ ಓದುತ್ತಾರೆ? ಕೊನೇ ಪುಟ ತಗೊಂಡು ನೇರ ಗೊಬ್ಬರದ ಅಂಗಡಿಗೆ ಹೋಗುವವರೇ ಜಾಸ್ತಿ. ಅಳೆಯುವುದರಲ್ಲಿ ಇಷ್ಟು ಶ್ರದ್ಧೆ ಇರುವ ಲ್ಯಾಬ್ ಸಲಹೆಯಲ್ಲಿ ಹೀಗೆ ಮಾಡಬಾರದು.

ಇನ್ನೊಂದು, ಮಣ್ಣಿನ ಹುಳಿ ಮತ್ತು ಸಾವಯವ ಅಂಶದ ಟೆಸ್ಟ್ ಈ ಪ್ಯಾಕೇಜಿನಲ್ಲಿ ಇಲ್ಲ, ಬೇರೆ ದುಡ್ಡು. ಅದಿಲ್ಲದೆ ತಾಮ್ರದ ಅಂಕಿ ಅರ್ಧ ಮಾತು ಅಷ್ಟೇ. ಮಣ್ಣು ಹುಳಿಯಾದಷ್ಟೂ ತಾಮ್ರ ಸಡಿಲವಾಗಿ ಬೇರಿಗೆ ಸಿಗುತ್ತದೆ. ನಮ್ಮ ಹಳೇ ಬ್ಲಾಕ್‌ನ ಪಿಎಚ್ (ಹುಳಿಯ ಅಳತೆ, ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 5.1 ಬಂತು, ಕಾಫಿಗೆ 6ರ ಮೇಲಿದ್ದರೆ ಒಳ್ಳೇದು. ಹಾಗಾಗಿ ಮೊದಲ ಕೆಲಸ ಸುಣ್ಣ, ಆಮೇಲೆ ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್. ಇವು ತಾಮ್ರವನ್ನು ತೆಗೆದುಹಾಕುವುದಿಲ್ಲ, ಬೇರಿಗೆ ಸಿಗದ ಹಾಗೆ ಹಿಡಿದಿಡುತ್ತವೆ.

ಲ್ಯಾಬ್‌ನ ಕರಪತ್ರದಲ್ಲಿ ಜರೀಗಿಡ, ಸಾಸಿವೆ ಬೆಳೆಸಿ ಮಣ್ಣು ಶುದ್ಧ ಮಾಡಿ ಅಂತಲೂ ಇದೆ. ಹಳೇ ಗೋಡೆಗಳ ಮೇಲೆ ಬೆಳೆಯುವ ಟೆರಿಸ್ ವಿಟ್ಟಾಟಾ ಅನ್ನುವ ಜರೀಗಿಡ ಮಣ್ಣಿನಿಂದ ವಿಪರೀತ ಹೀರುತ್ತದೆ ಅಂತ 2001ರಲ್ಲಿ ಪ್ರಕಟವಾದದ್ದು ನಿಜ. ಆದರೆ ಅದು ಹೀರುವುದು ಆರ್ಸೆನಿಕ್, ತಾಮ್ರ ಅಲ್ಲ. ಎಕರೆಗಟ್ಟಲೆ ಕಾಫಿ ಗಿಡದ ಮಧ್ಯೆ ಸಾಸಿವೆ ಬೆಳೆದು, ಕಿತ್ತು, ಹೊರಗೆ ಸಾಗಿಸುವುದೂ ಆಗದ ಮಾತು.

ಎಲೆ ಟೆಸ್ಟ್ ತಗೊಳ್ಳುವವರಿಗೆ ಒಂದು ಮಾತು. ಬೋರ್ಡೋ ಹೊಡೆದ ಎಲೆ ಕೊಟ್ಟರೆ ಅಂಕಿ ಆಕಾಶಕ್ಕೆ ಹೋಗುತ್ತದೆ, ಅದು ಎಲೆ ಮೇಲಿನ ಔಷಧಿ, ಒಳಗಿನದ್ದಲ್ಲ. ತಾಮ್ರದ ಬಹುಪಾಲು ಬೇರಿನಲ್ಲೇ ಉಳಿಯುವುದರಿಂದ, ಬೇರು ಹಾಳಾಗಿದ್ದರೂ ಎಲೆಯ ಅಂಕಿ ಸರಿಯಾಗೇ ಕಾಣಬಹುದು. ಅದಕ್ಕೇ ಮಣ್ಣಿನ ಟೆಸ್ಟ್‌ಗೆ ಮೊದಲು ದುಡ್ಡು ಹಾಕಿ.

ಅಂಕಿಗೆ ಐದಕ್ಕೆ ಐದು, ಶಿಫಾರಸಿಗೆ ಒಂದು. ಮುಂಗಾರಿನ ಮುಂಚಿನ ಸ್ಪ್ರೇಗೆ ಮೊದಲೇ ಮಣ್ಣು ಕೊಡಿ, ಪಿಎಚ್ ಮತ್ತು ಸಾವಯವ ಅಂಶ ಸೇರಿಸಿ ಅಂತ ಕೌಂಟರ್‌ನಲ್ಲೇ ಬರೆಸಿ. ಮೊದಲ ಪುಟ ಹಿಡಿದುಕೊಂಡು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿ, 1925ರಿಂದ ಕಾಫಿಯ ಮೇಲೇ ಕೆಲಸ ಮಾಡುತ್ತಿರುವ ಜಾಗ ಅದು. ಬೋರ್ಡೋದ ಒಂದು ಸುತ್ತಿನ ಬದಲು ತಾಮ್ರ ಇಲ್ಲದ ಔಷಧಿ ನಡೆಯುತ್ತಾ, ಎಕರೆಗೆ ಸುಣ್ಣ ಎಷ್ಟು, ಮರುನಾಟಿ ಮಾಡುವುದಾದರೆ ತುಕ್ಕು ತಡೆಯುವ ಯಾವ ತಳಿ, ಈ ಮೂರೂ ಅಲ್ಲಿ ಕೇಳಬೇಕಾದ ಪ್ರಶ್ನೆ.