ಗ್ರ್ಯಾನ್ ಟುರಿಸ್ಮೊ 7ರ ಸೋಫಿ: ಜಾಗ ಬಿಟ್ಟು ಜಗಳಾಡುವ ಎದುರಾಳಿ

ರೇಸಿಂಗ್ ಗೇಮ್ ವಿಮರ್ಶೆ ಅಂದ್ರೆ ಕಾರು ಎಷ್ಟಿವೆ, ಟ್ರ್ಯಾಕ್ ಎಷ್ಟಿವೆ, ಗ್ರಾಫಿಕ್ಸ್ ಹೇಗಿದೆ ಅಂತ ಬರೆಯುತ್ತಾರೆ. ಅದೆಲ್ಲ ನೀವು ಆಗಲೇ ಓದಿರುತ್ತೀರಿ, ಬಿಡಿ. ನಾನು ಬರೆಯುತ್ತಿರುವುದು ಒಂದೇ ವಿಷಯಕ್ಕೆ: ನಮ್ಮ ಜೊತೆ ಓಡುವ ಕಂಪ್ಯೂಟರ್ ಕಾರುಗಳು ಹೇಗೆ ನಡೆದುಕೊಳ್ಳುತ್ತವೆ ಅನ್ನೋದು. ಪ್ಲೇಸ್ಟೇಷನ್‌ನಲ್ಲಿ ಆಡುವ ಕಾರ್ ರೇಸಿಂಗ್ ಗೇಮ್ ಗ್ರ್ಯಾನ್ ಟುರಿಸ್ಮೊ 7 ನಮ್ಮ ಮನೆಗೆ ಬಂದು ಬಹಳ ಕಾಲವಾಯಿತು. ಇವತ್ತಿಗೂ ನಾನು ಅದನ್ನು ಬಿಡದೆ ಆಡುತ್ತಿರುವುದು ಅದರೊಳಗಿನ ಸೋಫಿ ಎಂಬ ಎಐ (ಕೃತಕ ಬುದ್ಧಿಮತ್ತೆ) ಎದುರಾಳಿಗಾಗಿ.

ನಮ್ಮದು ಬಾಗಲಕೋಟೆ, ಮನೆ ನವನಗರದಲ್ಲಿ. ಈ ಭಾಗದಲ್ಲಿ ಸೈಕಲ್ ರೇಸಿನ ಹುಚ್ಚು ಜಾಸ್ತಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗರು, ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಕಾಲೇಜಿನ ದಿನಗಳಲ್ಲಿ ನಾನೂ ನಸುಕಿನಲ್ಲೇ ಎದ್ದು ಗದ್ದನಕೇರಿ ಕ್ರಾಸ್ ತನಕ ತುಳಿಯುತ್ತಿದ್ದೆ. ಗುಂಪಿನಲ್ಲಿ ಸೈಕಲ್ ಓಡಿಸಿದವರಿಗೆ ಗೊತ್ತಿರುತ್ತದೆ, ಪಕ್ಕದವನು ನಮ್ಮನ್ನು ನೋಡಿದ್ದಾನಾ ಇಲ್ಲವಾ ಅನ್ನೋದು ಅವನ ಹ್ಯಾಂಡಲ್ ನೋಡಿದರೇ ತಿಳಿಯುತ್ತದೆ. ನೋಡಿದವನ ಜೊತೆ ಮೊಣಕೈ ತಾಗುವಷ್ಟು ಹತ್ತಿರ ಓಡಿಸಬಹುದು. ನೋಡದವನ ಜೊತೆ ಓಡಿಸಿದರೆ ಇಬ್ಬರೂ ಬೀಳುತ್ತೀರಿ. ಗೇಮ್‌ನಲ್ಲೂ ನಾನು ಹುಡುಕುವುದು ಇದನ್ನೇ.

ಮುಂಚೆ ಲ್ಯಾಪ್‌ಟಾಪಿನಲ್ಲಿ ಒಂದು ಆರ್ಕೇಡ್ ರೇಸಿಂಗ್ ಆಟ ಆಡುತ್ತಿದ್ದೆ. ಹೆಸರು ಬೇಡ. ಎಷ್ಟು ಚೆನ್ನಾಗಿ ಓಡಿಸಿದರೂ ಕೊನೆಯ ಲ್ಯಾಪಿನಲ್ಲಿ ಎರಡನೆಯವನು ಕನ್ನಡಿಯಲ್ಲಿ ಹಾಜರ್. ನನಗೆ ಅನುಮಾನ ಬಂತು. ಒಂದು ಸಂಜೆ ಬೇಕಂತಲೇ ರಸ್ತೆ ಬದಿಗೆ ಕಾರು ನಿಲ್ಲಿಸಿ ಮ್ಯಾಪ್ ನೋಡುತ್ತಾ ಕುಳಿತೆ. ಮುಂದೆ ಹೋದ ಚುಕ್ಕೆಗಳೆಲ್ಲ ಮೆಲ್ಲಗೆ ತೆವಳತೊಡಗಿದವು, ನನಗಾಗಿ ಕಾಯುವ ಹಾಗೆ. ಮತ್ತೆ ಗ್ಯಾಸ್ (ಆಕ್ಸಿಲರೇಟರ್) ಒತ್ತಿ ಅವರನ್ನು ದಾಟಿದೆ. ತಕ್ಷಣ ಅದೇ ಕಾರುಗಳಿಗೆ ಎಲ್ಲಿಲ್ಲದ ಶಕ್ತಿ! ಇದಕ್ಕೆ ರಬ್ಬರ್ ಬ್ಯಾಂಡಿಂಗ್ ಅಂತಾರೆ. ನಾವು ಹಿಂದೆ ಬಿದ್ದರೆ ಆಟ ಎದುರಾಳಿಗಳ ವೇಗ ಇಳಿಸುತ್ತದೆ, ಮುಂದೆ ಹೋದರೆ ಏರಿಸುತ್ತದೆ. ಹೊಸಬರು ಬೇಸರಪಟ್ಟು ಬಿಡಬಾರದು, ರೇಸ್ ಕೊನೆತನಕ ಬಿಗಿಯಾಗಿರಬೇಕು ಅನ್ನೋದು ಅದರ ಉದ್ದೇಶ. ಉದ್ದೇಶ ಸರಿ ಇರಬಹುದು. ಆದರೆ ನಾನು ಒಂದು ತಿರುವನ್ನು ಕಲಿತು ಉಳಿಸಿದ ಅರ್ಧ ಸೆಕೆಂಡನ್ನು ಆಟ ಸದ್ದಿಲ್ಲದೆ ಎದುರಾಳಿಗೆ ಕೊಟ್ಟುಬಿಟ್ಟರೆ ಕಲಿತು ಏನು ಬಂತು? ಮಾರಿಯೊ ಕಾರ್ಟ್ ಈ ವಿಷಯದಲ್ಲಿ ನನಗೆ ಇಷ್ಟ. ಅಲ್ಲೂ ಹಿಂದಿರುವವರಿಗೆ ಹೆಚ್ಚು ಬಲದ ಐಟಂಗಳು ಸಿಗುತ್ತವೆ. ಆದರೆ ಅದು ಎಲ್ಲರ ಕಣ್ಣೆದುರೇ ನಡೆಯುತ್ತದೆ. ಮಕ್ಕಳ ಜೊತೆ ಕುಳಿತು ಆಡಲು ಅದಕ್ಕಿಂತ ಒಳ್ಳೆಯದು ಬೇಡ.

ಈಗ ಸೋಫಿಗೆ ಬರೋಣ. ರಾತ್ರಿ ಊಟ ಮುಗಿಸಿ, ಅಂಗಡಿಯ ಲೆಕ್ಕ ಬರೆದಿಟ್ಟು, ಹಾಲ್‌ನಲ್ಲಿ ಚಾಪೆ ಹಾಸಿ ಕಪಾಟಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಅವ್ವ ಒಳಗೆ ಮಲಗಿರುತ್ತಾಳೆ, ಅದಕ್ಕೆ ಟಿವಿ ಸದ್ದು ಬಹಳ ಕಡಿಮೆ. ಇಂಜಿನ್ ಸದ್ದು ಕೇಳದಿದ್ದರೂ ಪರವಾಗಿಲ್ಲ, ಕಂಟ್ರೋಲರ್ ಕೈಯಲ್ಲೇ ಹೇಳುತ್ತದೆ. ಬ್ರೇಕ್ ಜಾಸ್ತಿ ಒತ್ತಿ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಶುರು ಮಾಡಿದರೆ ಎಡ ಬೆರಳಿನ ಕೆಳಗೆ ಟ್ರಿಗರ್ ಗುರ್ರ್ ಅನ್ನುತ್ತದೆ. ಮೊದಲು ಎದುರಾಳಿಗಳಿಲ್ಲದೆ ಸುಮ್ನೆ ಒಂದಷ್ಟು ಸುತ್ತು ಹಾಕಿ ಕೈ ಬಿಸಿ ಮಾಡಿಕೊಳ್ಳುತ್ತೇನೆ. ಆಮೇಲೆ ಕ್ವಿಕ್ ರೇಸ್, ಸೋಫಿ ಆನ್.

ಡ್ರ್ಯಾಗನ್ ಟ್ರೇಲ್ ಸೀಸೈಡ್ ಎಂಬ ಟ್ರ್ಯಾಕ್ ಆಡಿದವರಿಗೆ ಲ್ಯಾಪಿನ ಕೊನೆಯ ಭಾಗದ ಆ ಚಿಕೇನ್, ಅಂದ್ರೆ ಎಡ-ಬಲ ಒಂದರ ಹಿಂದೊಂದು ಬರುವ ತಿರುವು, ನೆನಪಿರುತ್ತದೆ. ಎರಡೂ ಕಡೆ ಗೋಡೆ, ಸ್ವಲ್ಪ ತಪ್ಪಿದರೂ ಮುಗೀತು. ಸೋಫಿ ಅದಕ್ಕೂ ಮುಂಚಿನ ನೇರ ರಸ್ತೆಯಲ್ಲಿ ನನ್ನ ಹಿಂದೆ, ಸ್ಲಿಪ್‌ಸ್ಟ್ರೀಮಿನಲ್ಲಿ (ಮುಂದಿನ ಕಾರಿನ ಮರೆಯಲ್ಲಿ ಗಾಳಿಯ ತಡೆ ಕಡಿಮೆ ಇರುವ ಜಾಗದಲ್ಲಿ) ಅಂಟಿಕೊಂಡು ಬರುತ್ತಿತ್ತು. ತಿರುವಿಗೆ ಮುಂಚೆ ಒಳಬದಿಗೆ ಮೂಗು ತೂರಿಸಿತು. ನಾನು ಅಡ್ಡ ಬಂದು ಬಾಗಿಲು ಮುಚ್ಚಿದೆ. ಬೇರೆ ಆಟದಲ್ಲಾಗಿದ್ದರೆ ಇಲ್ಲಿ ಬಂಪರ್‌ಗೆ ಗುದ್ದು ಬೀಳಬೇಕಿತ್ತು. ಯಾಕಂದ್ರೆ ತನ್ನ ದಾರಿಯಲ್ಲಿ ಯಾರಿದ್ದಾರೆ ಅಂತ ನೋಡದೆ, ಗೆರೆ ಎಳೆದಿಟ್ಟ ಹಾಗೆ ಓಡುವ ಕಾರುಗಳೇ ಜಾಸ್ತಿ. ಸೋಫಿ ಗ್ಯಾಸ್ ಬಿಟ್ಟಿತು. ಒಂದು ಕ್ಷಣ ಹಿಂದೆ ಸರಿಯಿತು. ನಾನು ಒಳಬದಿ ಕಾಯುವ ಗಡಿಬಿಡಿಯಲ್ಲಿ ತಿರುವಿನಿಂದ ನಿಧಾನವಾಗಿ ಹೊರಬಂದೆ. ಅದು ಹೊರಗಿನಿಂದ ಅಗಲವಾಗಿ ತಿರುಗಿ, ನನಗಿಂತ ಮೊದಲೇ ಗ್ಯಾಸ್ ಒತ್ತಿ, ಪಕ್ಕಕ್ಕೆ ಬಂದೇ ಬಿಟ್ಟಿತು. ಪಕ್ಕಕ್ಕೆ ಬಂದ ಮೇಲೂ ನನ್ನನ್ನು ಗೋಡೆಗೆ ಒತ್ತಲಿಲ್ಲ. ಒಂದು ಕಾರಿನಷ್ಟು ಜಾಗ ಬಿಟ್ಟೇ ಮುಂದೆ ಹೋಯಿತು. ಇಂಥ ಸೋಲು ನನಗೆ ಯಾವ ಗೆಲುವಿಗಿಂತಲೂ ಹೆಚ್ಚು ಖುಷಿ ಕೊಡುತ್ತದೆ.

ಇದನ್ನು ಯಾರೋ ಕೂತು ಸಾಲು ಸಾಲಾಗಿ ಹೇಳಿಕೊಟ್ಟಿಲ್ಲ. ಸೋನಿ ಎಐ ಮತ್ತು ಆಟ ಮಾಡಿದ ಪಾಲಿಫೋನಿ ಡಿಜಿಟಲ್ ಸೇರಿ ಸಾವಿರಕ್ಕೂ ಹೆಚ್ಚು ಪಿಎಸ್4 (ಪ್ಲೇಸ್ಟೇಷನ್ 4) ಕನ್ಸೋಲ್‌ಗಳ ಮೇಲೆ ಸೋಫಿಗೆ ತರಬೇತಿ ಕೊಟ್ಟರು. ಚೆನ್ನಾಗಿ ಮುಂದೆ ಸಾಗಿದರೆ, ಹಿಂದಿಕ್ಕಿದರೆ ಅಂಕ. ಟ್ರ್ಯಾಕ್ ಬಿಟ್ಟರೆ, ಡಿಕ್ಕಿ ಹೊಡೆದರೆ ಕಡಿತ. ಕಷ್ಟ ಇದ್ದದ್ದು ಈ ಡಿಕ್ಕಿಯ ಕಡಿತದಲ್ಲೇ. ಕಡಿಮೆ ಮಾಡಿದರೆ ಗುದ್ದಾಡುತ್ತದೆ, ಜಾಸ್ತಿ ಮಾಡಿದರೆ ಹೆದರಿ ದಾರಿ ಬಿಡುತ್ತದೆ. 2021ರ ಜುಲೈನಲ್ಲಿ ಸೋಫಿ ಒಂಟಿ ಓಟದಲ್ಲಿ ವೇಗವಾಗಿದ್ದರೂ, ತಂಡದ ರೇಸಿನಲ್ಲಿ ಮನುಷ್ಯರ ಎದುರು ಸೋತಿತು. ವೇಗ ಇದ್ದರೆ ಸಾಲದು, ಗುಂಪಿನಲ್ಲಿ ಓಡಿಸಲು ಬರಬೇಕು ಅಲ್ವಾ? ಅಕ್ಟೋಬರ್ ಹೊತ್ತಿಗೆ ಅದನ್ನೂ ಕಲಿತು, ಟಕುಮಾ ಮಿಯಾಜೊನೊ ಅವರಂಥ ಗ್ರ್ಯಾನ್ ಟುರಿಸ್ಮೊ ಚಾಂಪಿಯನ್ ಇದ್ದ ತಂಡವನ್ನು 104–52 ಅಂಕಗಳಿಂದ ಸೋಲಿಸಿತು. 2022ರ ಫೆಬ್ರುವರಿಯಲ್ಲಿ ನೇಚರ್ ವಿಜ್ಞಾನ ಪತ್ರಿಕೆಯ ಮುಖಪುಟದಲ್ಲಿ ಬಂದದ್ದು ಇದೇ ಕೆಲಸ.

ಇಷ್ಟೆಲ್ಲ ಹೊಗಳಿದ ಮೇಲೆ ಹೊಟ್ಟೆ ಉರಿಯುವ ಮಾತನ್ನೂ ಹೇಳಬೇಕು. ಸೋಫಿಯನ್ನು ಕಾಯಂ ಆಗಿ ಕೊಟ್ಟದ್ದು 2023ರ ನವೆಂಬರ್ ಅಪ್‌ಡೇಟ್‌ನಲ್ಲಿ. ಅದೂ ಕ್ವಿಕ್ ರೇಸ್‌ಗೆ ಮಾತ್ರ, 9 ಟ್ರ್ಯಾಕ್‌ಗಳಲ್ಲಿ ಮಾತ್ರ, ಪಿಎಸ್5ಗೆ ಮಾತ್ರ. ಟ್ರ್ಯಾಕ್‌ಗಳು ಆಮೇಲೆ ಹೆಚ್ಚಾದವು, ಸರಿ. ಆದರೆ ಇಳಕಲ್ಲಿನಲ್ಲಿರುವ ಅಕ್ಕನ ಮಗನ ಹತ್ತಿರ ಇರುವುದು ಪಿಎಸ್4. ರಜೆಗೆ ಬಂದಾಗ ನನ್ನ ಪಕ್ಕ ಕುಳಿತು, "ಮಾಮಾ, ಹಿಂದ ಬಂದಾನ ನೋಡ, ಬಲಕ್ಕ ಬಂದಾನ!" ಅಂತ ಕೂಗುತ್ತಾನೆ. ಊರಿಗೆ ಹೋದ ಮೇಲೆ ಫೋನ್ ಮಾಡಿ ಕೇಳಿದ, "ನಮ್ಮದೂ ಅದ ಆಟ ಐತಲ್ಲ ಮಾಮಾ, ಇದರಾಗ ಯಾಕ ಸೋಫಿ ಬರೂದಿಲ್ಲ?" ತರಬೇತಿಗೆ ಪಿಎಸ್4 ಬೇಕಾಯಿತು, ಆಡುವ ಹೊತ್ತಿಗೆ ಪಿಎಸ್4 ಬೇಡವಾಯಿತು. ತಾಂತ್ರಿಕ ಕಾರಣ ಏನೇ ಇರಲಿ, ಆ ಹುಡುಗನಿಗೆ ಇದನ್ನು ಹೇಗೆ ಹೇಳುವುದು?

ಇನ್ನೊಂದು ಮಾತು, ಈ ಆಟದ ಹೆಚ್ಚಿನ ಭಾಗಕ್ಕೆ ಇಂಟರ್ನೆಟ್ ಇರಲೇಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಟಿವಿ, ಕನ್ಸೋಲ್ ಜೊತೆಗೆ ರೌಟರನ್ನೂ ಇನ್ವರ್ಟರ್‌ಗೆ ಹಾಕಿಕೊಳ್ಳಿ.

ಕೊಳ್ಳಬೇಕಾ ಅಂತ ಕೇಳುವವರಿಗೆ: ಮನೆಯಲ್ಲಿ ಪಿಎಸ್5 ಇದ್ದರೆ, ಆನ್‌ಲೈನ್‌ನಲ್ಲಿ ಅಪರಿಚಿತರ ಗುದ್ದು ತಿಂದು ಸಾಕಾಗಿದ್ದರೆ, ಕಣ್ಣು ಮುಚ್ಚಿ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಕ್ಕರೂ ಸಾಕು. ಸ್ಟೀರಿಂಗ್ ವೀಲ್ ಬೇಕೇ ಬೇಕು ಅಂತೇನಿಲ್ಲ. ನಮ್ಮ ಮನೆಯ ಖರ್ಚಿನಲ್ಲಿ ಅದು ಸದ್ಯಕ್ಕೆ ಆಗುವ ಮಾತಲ್ಲ, ನಾನು ಆಡುತ್ತಿರುವುದೆಲ್ಲ ಕಂಟ್ರೋಲರಿನಲ್ಲೇ. ಪಿಎಸ್4 ಮಾತ್ರ ಇದ್ದು, ಸೋಫಿಗಾಗಿಯೇ ಈ ಆಟ ತರಬೇಕು ಅಂದುಕೊಂಡಿದ್ದರೆ ಈಗ ದುಡ್ಡು ಹಾಕಬೇಡಿ.