ಟ್ರೈಬೋಎಲೆಕ್ಟ್ರಿಕ್ ಕಿಟ್: ಹಾಳೆ ಚೆನ್ನಾಗಿದೆ, ಕೆಪಾಸಿಟರ್ ದಂಡ

ವಿದ್ಯಾರ್ಥಿಗಳ ಪ್ರಾಜೆಕ್ಟಿಗೆಂದು ಆನ್‌ಲೈನ್‌ನಲ್ಲಿ ಬಿಕರಿಯಾಗುವ, ‘ಒತ್ತಿದರೆ ಕರೆಂಟು’ ಬಗೆಯ ಕಿಟ್ ಇದು. ಎರಡು ವಸ್ತುಗಳು ತಾಗಿ ಬೇರೆಯಾದಾಗ ಹುಟ್ಟುವ ಚಾರ್ಜೇ ಟ್ರೈಬೋಎಲೆಕ್ಟ್ರಿಕ್. ಡಬ್ಬಿಯಲ್ಲಿ 5 ಸೆಂ.ಮೀ. ಚೌಕದ ಎರಡು ಅಕ್ರಿಲಿಕ್ ಹಲಗೆ, ಅಲ್ಯೂಮಿನಿಯಂ ಟೇಪು, 80 ಮೈಕ್ರಾನಿನ ಟೆಫ್ಲಾನ್ ಹಾಳೆ, ಮೂಲೆಗಳಿಗೆ 8 ಮಿ.ಮೀ. ಸ್ಪಂಜು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು 1ಎನ್4007 ಡಯೋಡು, ಚಾರ್ಜು ಕೂಡಿಡಲು 100 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಮತ್ತು 40 ಕೆಂಪು ಎಲ್‌ಇಡಿ ಇವೆ.

ಎರಡೂ ಹಲಗೆಗೆ ಟೇಪು, ಒಂದರ ಟೇಪಿನ ಮೇಲೆ ಟೆಫ್ಲಾನ್ ಹಾಳೆ; ಎರಡು ಟೇಪುಗಳಿಂದ ತಂತಿ ಹೊರಡುತ್ತದೆ. ಎದುರಿನ ಅಲ್ಯೂಮಿನಿಯಂ ತಾಗಿದಾಗ ಟೆಫ್ಲಾನ್ ಋಣ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಲಗೆಗಳು ಬೇರೆಯಾದಾಗ ಚಾರ್ಜು ತಂತಿಯಲ್ಲಿ ಒಂದು ದಿಕ್ಕಿಗೆ ಹರಿಯುತ್ತದೆ, ಕೂಡಿದಾಗ ವಾಪಸು. 2012ರಲ್ಲಿ ಜಾರ್ಜಿಯಾ ಟೆಕ್‌ನ ಝೊಂಗ್ ಲಿನ್ ವಾಂಗ್ ತಂಡ ಪ್ರಕಟಿಸಿದ ಜನರೇಟರಿನ ತತ್ವವೂ ಇದೇ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಹಾಳೆಯ ಒಂದು ಬದಿಯನ್ನು ಎಚ್ ಮಾಡಿ, ಅಂದರೆ ರಾಸಾಯನಿಕದಿಂದ ಹದಗೊಳಿಸಿ, ಕೊಟ್ಟಿದ್ದಾರೆ. ಕಂದುಬಣ್ಣಕ್ಕೆ ತಿರುಗಿದ ಆ ಬದಿಗೆ ಮಾತ್ರ ಅಂಟು ಹಿಡಿಯುತ್ತದೆ, ಹಾಗಾಗಿ ಅದು ಟೇಪಿನ ಕಡೆಗಿರಲಿ. ಡಯೋಡಿನ ಆಯ್ಕೆಯೂ ಸರಿ: ಇಲ್ಲಿ ವೋಲ್ಟೇಜು ನೂರು ದಾಟುವುದರಿಂದ ಚಿಕ್ಕ 1ಎನ್4148 ಡಯೋಡು ತಡೆಯಲಾರದು. ನಾಲ್ಕು ಡಯೋಡು ಸೇರಿ ಹೋಗಿಬರುವ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಜೋಡಣೆಯೇ ಬ್ರಿಡ್ಜು; ಅದರ ನಂತರ 40 ಎಲ್‌ಇಡಿಗಳನ್ನೂ ಸರಣಿಯಲ್ಲಿ ಜೋಡಿಸಿ, ಕತ್ತಲು ಮಾಡಿ ತಟ್ಟಿದರೆ ಪ್ರತಿ ತಟ್ಟಿಗೂ ಮಿಂಚುತ್ತವೆ. ಹೊಸ ಹಾಳೆಗೆ ಚಾರ್ಜು ಏರಲು ಹತ್ತಾರು ತಟ್ಟು ಬೇಕು, ಮೊದಲ ತಟ್ಟಿಗೇ ಕೈಚೆಲ್ಲಬೇಡಿ.

ಸ್ಪಂಜು ವಿನಾಕಾರಣ ದಪ್ಪ. ಟೆಫ್ಲಾನಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 2.1, ಅಂದರೆ 80 ಮೈಕ್ರಾನಿನ ಹಾಳೆ ವಿದ್ಯುತ್ ಲೆಕ್ಕದಲ್ಲಿ 38 ಮೈಕ್ರಾನ್ ಗಾಳಿಗೆ ಸಮ. 1 ಮಿ.ಮೀ. ಅಂತರ ಬಿಟ್ಟರೂ ಹರಿಯಬಹುದಾದ ಚಾರ್ಜಿನ ಶೇ. 96ರಷ್ಟು ಸಿಕ್ಕಿತು. 3 ಮಿ.ಮೀ.ಗೆ ಕತ್ತರಿಸಿಕೊಂಡರೆ ಬೇಗ ಬೇಗ ತಟ್ಟಬಹುದು. ಸ್ಪಂಜು ತೀರಾ ಮೆತ್ತಗಾದರೆ ಮಾತ್ರ ಹಲಗೆಗಳು ಸ್ಥಾಯೀ ವಿದ್ಯುತ್ತಿನಿಂದಲೇ ಅಂಟಿಕೊಂಡು ಬಿಡಿಸಿಕೊಳ್ಳುವುದಿಲ್ಲ.

ಕಿಟ್ ಮುಗ್ಗರಿಸುವುದು ಕೆಪಾಸಿಟರಿನಲ್ಲಿ. ಈ ಅಳತೆಯ ಹಲಗೆಯಿಂದ ಸೆಳೆತ–ಒತ್ತು ಎರಡೂ ಸೇರಿ ಒಂದು ತಟ್ಟಿಗೆ 200 ನ್ಯಾನೋಕೂಲಂ ಚಾರ್ಜು ಸಿಕ್ಕರೆ ಒಳ್ಳೆಯ ಫಸಲು. ಸೆಕೆಂಡಿಗೆ ಎರಡು ತಟ್ಟಿನಂತೆ ಸರಾಸರಿ 0.4 ಮೈಕ್ರೋಆಂಪಿಯರ್ ಆಯಿತು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಕೆಲವು ಮೈಕ್ರೋಆಂಪಿಯರ್ ಸೋರಿದರೂ ಅದರ ಡೇಟಾಶೀಟ್ ಪ್ರಕಾರ ತಪ್ಪಲ್ಲ! ಸೋರಿಕೆಯೇ ಇಲ್ಲವೆಂದುಕೊಂಡರೂ 100 ಮೈಕ್ರೋಫ್ಯಾರಡನ್ನು 3 ವೋಲ್ಟಿಗೆ ಏರಿಸಲು 1500 ತಟ್ಟು ಬೇಕು. ಅದನ್ನು ಎತ್ತಿಟ್ಟು 10 ಮೈಕ್ರೋಫ್ಯಾರಡ್‌ನ ಫಿಲ್ಮ್ ಅಥವಾ ಸೆರಾಮಿಕ್ ಕೆಪಾಸಿಟರ್ ಹಾಕಿ, 150 ತಟ್ಟಿನ ಆಸುಪಾಸಿನಲ್ಲಿ 3 ವೋಲ್ಟ್ ಬರುತ್ತದೆ. ಶೇಖರವಾಗುವುದು 45 ಮೈಕ್ರೋಜೂಲ್: ಒಂದು ಎಲ್‌ಇಡಿಯನ್ನು ಕಣ್ಣಿಗೆ ಕಾಣುವಷ್ಟು ಮಿನುಗಿಸಲು ಸಾಕು.

ಇದರಿಂದ ಮೊಬೈಲ್ ಚಾರ್ಜ್ ಆಗುತ್ತದೆಂಬಂತೆ ಡಬ್ಬಿಯ ಮೇಲಿರುವ ಚಿತ್ರ ಶುದ್ಧ ಬುರುಡೆ. 4000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 55,000 ಜೂಲ್ ಇರುತ್ತದೆ. ಈ ಜೋಡಣೆಯಲ್ಲಿ ಸೆಕೆಂಡಿಗೆ ಎರಡರಂತೆ ಹಗಲಿರುಳು ತಟ್ಟಿದರೂ 2900 ವರ್ಷ ಬೇಕು.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇದನ್ನು ಬಿಚ್ಚದಿರುವುದೇ ವಾಸಿ. ತೇವದ ಪದರ ಕೂತ ಹಾಳೆಯಲ್ಲಿ ಚಾರ್ಜು ನಿಲ್ಲುವುದಿಲ್ಲ. ಪ್ರದರ್ಶನ ತಪ್ಪಿಸಲಾಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೇರ್ ಡ್ರೈಯರ್ ಹಿಡಿದು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಬೆರಳಿನ ಜಿಡ್ಡೂ ಇದೇ ಕೆಡುಕು ಮಾಡುತ್ತದೆ. ಹಾಳೆ ಗೀರಿಹೋದರೆ ಪ್ಯಾಕಿಂಗ್ ಸೀಲರ್‌ಗೆ ಅಂಟಿಸುವ ಟೆಫ್ಲಾನ್ ಬಟ್ಟೆಯ ಟೇಪು ಬದಲಿಯಾಗುತ್ತದೆ, ಅದಕ್ಕೆ ಅಂಟೂ ಇದ್ದೇ ಇರುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪು ನಡೆಯುತ್ತದಾದರೂ ಸುಕ್ಕಾಗುತ್ತದೆ.

ಮಲ್ಟಿಮೀಟರ್ ಹಚ್ಚಿ ‘ಬರೀ 4 ವೋಲ್ಟ್’ ಎಂದು ಒಂದೇ ಸ್ಟಾರ್ ಕೊಟ್ಟವರ ಬಗ್ಗೆ ಒಂದು ಮಾತು. ಮೀಟರಿನ ಒಳರೋಧ 10 ಮೆಗಾಓಮ್, ಹಲಗೆಯದು ಅದಕ್ಕಿಂತ ಎಷ್ಟೋ ಹೆಚ್ಚು, ಹೀಗಾಗಿ ವೋಲ್ಟೇಜು ಕುಸಿದೇ ಕಾಣುತ್ತದೆ. ಕೆಪಾಸಿಟರಿಗೆ ಹಚ್ಚಿಟ್ಟರೆ 3 ವೋಲ್ಟಿನಲ್ಲಿ ಮೀಟರೇ 0.3 ಮೈಕ್ರೋಆಂಪಿಯರ್ ಕುಡಿಯುತ್ತದೆ, ಅಂದರೆ ಗಳಿಕೆಯ ಮುಕ್ಕಾಲು ಪಾಲು. ತಟ್ಟುವಾಗ ಪ್ರೋಬ್ ತೆಗೆದಿಡಿ, ಮುಗಿದ ಮೇಲೆ ಒಮ್ಮೆ ತಾಗಿಸಿ, ಮೊದಲು ಕಾಣುವ ಅಂಕಿಯನ್ನೇ ಬರೆದುಕೊಳ್ಳಿ.