ಪೇಪರ್ ಓದಿ ಇಂಗ್ಲಿಷ್ ಪದ ಕಲಿಯುವುದು: ಸಂಪಾದಕೀಯವೋ, ಜಿಲ್ಲಾ ಸುದ್ದಿಯೋ?

ಇಂಗ್ಲಿಷ್ ಸುಧಾರಿಸಬೇಕಾದರೆ ದಿನಾ ಪೇಪರ್ ಓದಿ ಅಂತ ಎಲ್ಲರೂ ಹೇಳುತ್ತಾರೆ. ಯಾವ ಪೇಪರ್, ಯಾವ ಪುಟ, ಗೊತ್ತಿಲ್ಲದ ಪದ ಸಿಕ್ಕರೆ ಅದನ್ನು ಏನು ಮಾಡಬೇಕು, ಇದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ತೀರ್ಥಹಳ್ಳಿ ಕಡೆಯವಳು, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಬ್ಯಾಂಕ್ ಪರೀಕ್ಷೆಗೆ ಓದಲು ಶಿವಮೊಗ್ಗದಲ್ಲಿ ಗೆಳತಿಯ ಜೊತೆ ರೂಮ್ ಮಾಡಿದ್ದೆ. ಆಗ ಪೇಪರಿನಿಂದ ಪದ ಕಲಿಯುವ ಬೇರೆ ಬೇರೆ ದಾರಿಗಳನ್ನು ಒಂದಾದ ಮೇಲೊಂದು ಹಿಡಿದು ನೋಡಿದೆ. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥವರು ಸಂಪಾದಕೀಯದಿಂದ ಶುರು ಮಾಡಿದರೆ ಟೈಮ್ ದಂಡ. ನಮ್ಮ ಜಿಲ್ಲೆಯ ಸುದ್ದಿಯನ್ನು ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಓದಿದ್ದೇ ನನ್ನ ಕೈ ಹಿಡಿದದ್ದು.

ಆದರೂ ಸಂಪಾದಕೀಯದ ಮಾತನ್ನೇ ಮೊದಲು ಆಡಬೇಕು, ಯಾಕೆಂದರೆ ಎಲ್ಲರೂ ಕೊಡುವ ಸಲಹೆ ಅದೇ. 'ದಿ ಹಿಂದೂ ಎಡಿಟೋರಿಯಲ್ ಓದು' ಅಂತ. ದಿ ಹಿಂದೂ 1878ರಲ್ಲಿ ಮದ್ರಾಸಿನಲ್ಲಿ ವಾರಪತ್ರಿಕೆಯಾಗಿ ಶುರುವಾಗಿ 1889ರಲ್ಲಿ ದಿನಪತ್ರಿಕೆಯಾಯಿತು. ಅದರ ಸಂಪಾದಕೀಯದ ಇಂಗ್ಲಿಷಿಗೆ ಇರುವ ಗೌರವ ಸುಮ್ನೆ ಬಂದದ್ದಲ್ಲ, ಒಪ್ಪುತ್ತೇನೆ. ಕಷ್ಟ ಬೇರೆ ಕಡೆ ಇದೆ. ಅಲ್ಲಿ ಪದವೂ ಹೊಸದು, ವಿಷಯವೂ ಹೊಸದು. ಯಾವುದೋ ದೇಶದ ಕೇಂದ್ರೀಯ ಬ್ಯಾಂಕು ಬಡ್ಡಿ ದರ ಇಳಿಸದೇ ಇದ್ದದ್ದರ ಬಗ್ಗೆ ಒಂದು ಉದ್ದದ ವಾಕ್ಯ, ಅದರೊಳಗೆ 'ಹಾಕಿಶ್' ಒಂದು, 'ಹೆಡ್‌ವಿಂಡ್ಸ್' ಒಂದು, 'ಇಂಪಾಸ್' ಒಂದು. ಮೂರಕ್ಕೂ ಅರ್ಥ ಹುಡುಕಿ ವಾಪಸ್ ಬರುವಷ್ಟರಲ್ಲಿ ವಾಕ್ಯ ಎಲ್ಲಿಂದ ಶುರುವಾಗಿತ್ತು ಅನ್ನುವುದೇ ಮರೆತಿರುತ್ತದೆ. ವಿಷಯ ಗೊತ್ತಿದ್ದರೆ ಪದ ಊಹಿಸಬಹುದು, ಪದ ಗೊತ್ತಿದ್ದರೆ ವಿಷಯ ಊಹಿಸಬಹುದು. ಎರಡೂ ಇಲ್ಲದಿದ್ದರೆ ಎಂತ ಊಹಿಸುವುದು?

ಇದಕ್ಕೆ ಲೆಕ್ಕವೂ ಇದೆ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡಿಕ್ಷನರಿ ಇಲ್ಲದೆ ಇಂಗ್ಲಿಷ್ ಪೇಪರ್ ಓದಬೇಕಾದರೆ ಸುಮಾರು 8,000 ಪದಕುಟುಂಬ ಗೊತ್ತಿರಬೇಕು. ಡಿಸೈಡ್, ಡಿಸಿಷನ್, ಡಿಸೈಸಿವ್ ಎಲ್ಲ ಸೇರಿ ಒಂದು ಕುಟುಂಬ. ಅಷ್ಟು ಗೊತ್ತಿದ್ದರೆ ಓದುವುದರಲ್ಲಿ ಶೇ 98ರಷ್ಟು ಪರಿಚಿತವಾಗಿರುತ್ತದೆ, ಅಂದರೆ 50 ಪದಕ್ಕೆ ಒಂದು ಮಾತ್ರ ಹೊಸದು. ನನಗೆ ಸಂಪಾದಕೀಯದಲ್ಲಿ ಸಾಲಿಗೊಂದು ಹೊಸದು ಸಿಗುತ್ತಿತ್ತು. ಅದನ್ನು ಓದುವುದು ಅನ್ನುವುದಕ್ಕಿಂತ ಅಗೆಯುವುದು ಅನ್ನಬಹುದು.

ಆದರೆ ಸಂಪಾದಕೀಯ ಕೊಟ್ಟ ಒಂದು ಲಾಭ ಬೇರೆ ಯಾವ ಪುಟದಲ್ಲೂ ಸಿಗಲಿಲ್ಲ. ನಾಟ್‌ವಿತ್‌ಸ್ಟ್ಯಾಂಡಿಂಗ್, ಆಲ್ಬೀಟ್, ವೇರ್‌ಆಸ್, ಹೆನ್ಸ್ ಥರದ ಜೋಡಣೆಯ ಪದಗಳು. ವಾದ ಎಲ್ಲಿ ತಿರುಗಿತು ಅಂತ ತೋರಿಸುವುದೇ ಇವುಗಳ ಕೆಲಸ. ವಾಕ್ಯದ ಮಧ್ಯೆ ಖಾಲಿ ಜಾಗ ಬಿಟ್ಟು ಪದ ತುಂಬಿಸುವ ಪ್ರಶ್ನೆಗಳಲ್ಲಿ ಇಂಥವು ಬರುತ್ತಲೇ ಇರುತ್ತವೆ. ಹಾಗಾಗಿ ಸಂಪಾದಕೀಯ ಬೇಡ ಅಂತ ಹೇಳುತ್ತಿಲ್ಲ. ಆಮೇಲೆ ಬರಲಿ.

ಎರಡನೆಯದು ಬೆಳಿಗ್ಗೆ ಬೆಳಿಗ್ಗೆ ಫೋನಿಗೆ ಬರುವ ರೆಡಿಮೇಡ್ ಪಟ್ಟಿ. 'ಇಂದಿನ ಎಡಿಟೋರಿಯಲ್‌ನ ಹತ್ತು ಪದ' ಅಂತ ಬಣ್ಣಬಣ್ಣದ ಪಿಡಿಎಫ್. ನನಗೆ ಬರುತ್ತಿದ್ದ ಪಟ್ಟಿಗಳಲ್ಲಿ ಅರ್ಥ ಹಿಂದಿಯಲ್ಲಿ ಇರುತ್ತಿತ್ತು, ಅಂದರೆ ಇಂಗ್ಲಿಷ್ ಕಲಿಯಲು ಮೊದಲು ಹಿಂದಿ ಕಲಿಯಬೇಕು! ಅದು ಹೋಗಲಿ. ದೊಡ್ಡ ತೊಂದರೆ ಅಂದರೆ ಒಂದು ಪದಕ್ಕೆ ಒಂದೇ ಅರ್ಥ ಕೊಟ್ಟು ಮುಗಿಸುವುದು. 'ಸ್ಯಾಂಕ್ಷನ್' ನೋಡಿ. ನಮ್ಮ ಕಡೆ ಲೋನ್ ಸ್ಯಾಂಕ್ಷನ್ ಆಯಿತು ಅಂದರೆ ಮಂಜೂರಾಯಿತು ಅಂತ. ವಿದೇಶಿ ಸುದ್ದಿಯ ಪುಟದಲ್ಲಿ ಒಂದು ದೇಶದ ಮೇಲೆ ಸ್ಯಾಂಕ್ಷನ್ಸ್ ಹಾಕಿದರು ಅಂದರೆ ನಿರ್ಬಂಧ. ಪಟ್ಟಿ ಓದಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ, ವಾಕ್ಯ ಓದಿದವರು ಬೀಳುವುದಿಲ್ಲ. ಪಟ್ಟಿಯ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಇನ್ನು ನನಗೆ ಇಷ್ಟವಾದ ದಾರಿ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ ಒಂದೇ ಸಂಸ್ಥೆಯವು, ಎರಡೂ ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದವು. ರಾಜ್ಯದ ದೊಡ್ಡ ಸುದ್ದಿ ಸಾಮಾನ್ಯವಾಗಿ ಎರಡರಲ್ಲೂ ಇರುತ್ತದೆ. ಎರಡನ್ನೂ ಹಣ ಕೊಟ್ಟು ತರಿಸಬೇಕೆಂದಿಲ್ಲ, ಲೈಬ್ರರಿಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಕೂತರೆ ಸಾಕು. ಮೊದಲು ಕನ್ನಡದ್ದು ಪೂರ್ತಿ ಓದಿ, ಆಮೇಲೆ ಇಂಗ್ಲಿಷಿನದ್ದು.

ಮಳೆಗಾಲದ ಒಂದು ಸುದ್ದಿ ತಗೊಳ್ಳಿ. ಶರಾವತಿ ಜಲಾನಯನ ಪ್ರದೇಶದಲ್ಲಿ ಭಾರಿ ಮಳೆ, ಲಿಂಗನಮಕ್ಕಿಗೆ ಒಳಹರಿವು ಹೆಚ್ಚಳ, ತಗ್ಗು ಪ್ರದೇಶದವರಿಗೆ ಎಚ್ಚರಿಕೆ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಡ್ಯಾಮಿನ ಗರಿಷ್ಠ ಮಟ್ಟ 1,819 ಅಡಿ ಅನ್ನುವುದು ಸಾಗರದ ಕಡೆ ಮಕ್ಕಳಿಗೂ ಬಾಯಿಪಾಠ. ಅದೇ ಸುದ್ದಿ ಇಂಗ್ಲಿಷಿನಲ್ಲಿ ಬಂದಾಗ ಜಲಾನಯನದ ಜಾಗದಲ್ಲಿ 'ಕ್ಯಾಚ್‌ಮೆಂಟ್' ಕೂತಿರುತ್ತದೆ, ಒಳಹರಿವಿನ ಜಾಗದಲ್ಲಿ 'ಇನ್‌ಫ್ಲೋ', ತಗ್ಗು ಪ್ರದೇಶಕ್ಕೆ 'ಲೋ-ಲೈಯಿಂಗ್ ಏರಿಯಾ', ಬಿಡದೆ ಸುರಿಯುವ ಮಳೆಗೆ 'ಇನ್ಸೆಸೆಂಟ್' ಅನ್ನುವ ವಿಶೇಷಣ. ಡಿಕ್ಷನರಿ ಮುಟ್ಟದೆಯೇ ಇಷ್ಟೂ ಅರ್ಥವಾಗುತ್ತವೆ. ಮುಖ್ಯ ಲಾಭ ಮುಂದಿದೆ. ಮಳೆ ನಿಲ್ಲುವ ತನಕ ಇದೇ ಪದಗಳು ಮತ್ತೆ ಮತ್ತೆ ಬರುತ್ತವೆ, ಒಮ್ಮೆ ತುಂಗೆಯ ಹೆಸರಿನಲ್ಲಿ, ಒಮ್ಮೆ ಭದ್ರೆಯ ಹೆಸರಿನಲ್ಲಿ. ಬೇಡ ಅಂದರೂ ನೆನಪಲ್ಲಿ ಉಳಿಯುತ್ತವೆ.

ಬೇಸಿಗೆ ಹತ್ತಿರ ಬಂದಂತೆ ಮಂಗನ ಕಾಯಿಲೆಯ ಸುದ್ದಿ ಶುರು. ಈ ರೋಗವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಹಾಗಾಗಿ ಜಗತ್ತಿನ ಎಲ್ಲೆಡೆ ವೈದ್ಯರ ಪುಸ್ತಕಗಳಲ್ಲಿ ಅದು ಕ್ಯಾಸನೂರ್ ಫಾರೆಸ್ಟ್ ಡಿಸೀಸ್. ಆ ಸುದ್ದಿಗಳಿಂದ ನನಗೆ ಸಿಕ್ಕಿದ್ದು ಉಣುಗಿಗೆ 'ಟಿಕ್', ರೋಗ ಹಬ್ಬುವುದಕ್ಕೆ 'ಔಟ್‌ಬ್ರೇಕ್', ನಿಗಾ ಇಡುವುದಕ್ಕೆ 'ಸರ್ವೇಲನ್ಸ್', ತೀರಿಕೊಳ್ಳುವುದಕ್ಕೆ 'ಸಕಂಬ್'. ಅಡಿಕೆ ಸುದ್ದಿ ವರ್ಷಪೂರ್ತಿ ಇದ್ದೇ ಇರುತ್ತದೆ: ಎಲೆಚುಕ್ಕೆ ರೋಗ, ಇಳುವರಿ, ಆಮದು. ಕೇಂದ್ರ ಸರ್ಕಾರ 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 351 ರೂಪಾಯಿಗೆ ಏರಿಸಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮನೆಮಾತಾಗಿದ್ದ ಆ ವಿಷಯದ ಬಗ್ಗೆ ಇಂಗ್ಲಿಷಿನಲ್ಲಿ ಓದುವಾಗ 'ಲೆವಿ', 'ಕರ್ಬ್', 'ಡೊಮೆಸ್ಟಿಕ್' ಯಾವುದೂ ಹೆದರಿಸಲಿಲ್ಲ. ಊರಿಗೆ ಹೋದಾಗ ದೊಡ್ಡಪ್ಪ ಕೇಳಿದ್ದರು, 'ಎಂತ ಕೂಸೇ, ಅದೇ ಸುದ್ದಿ ಎರಡೆರಡು ಸಲ ಓದ್ತೀಯಲ್ಲ, ಒಂದು ಸಲಕ್ಕೆ ನಂಬಿಕೆ ಬರೂದಿಲ್ವಾ?' ಅಂತ.

ಈ ದಾರಿಗೂ ಹುಳುಕು ಇದೆ. ಮೊದಲನೆಯದು, ಇಂಗ್ಲಿಷ್ ಪೇಪರಿನಲ್ಲಿ ಮಲೆನಾಡಿನ ಸುದ್ದಿಗೆ ಸಿಗುವ ಜಾಗ ಅಷ್ಟಕ್ಕಷ್ಟೇ. ಕೆಲವು ದಿನ ಏನೂ ಇರುವುದಿಲ್ಲ, ಆಗ ರಾಜ್ಯದ ಪುಟಕ್ಕೆ ಹೋಗಬೇಕು. ಎರಡನೆಯದು, ಅಪರಾಧ ಸುದ್ದಿಯ ಇಂಗ್ಲಿಷ್. ಹಿಸ್ಟರಿ ಶೀಟರ್, ಮಿಸ್ಕ್ರಿಯೆಂಟ್ಸ್, ಎಕ್ಸ್‌ಗ್ರೇಷಿಯಾ, ಆಬ್‌ಸ್ಕಾಂಡಿಂಗ್. ನಮ್ಮ ಪೇಪರ್ ಓದಲು ಇವು ಬೇಕೇ ಬೇಕು, ಆದರೆ ನೀವು ಬರೆಯುವ ಪತ್ರಕ್ಕೋ ಪ್ರಬಂಧಕ್ಕೋ ಇವುಗಳಿಂದ ಆಗಬೇಕಾದದ್ದು ಏನೂ ಇಲ್ಲ.

ಕನ್ನಡದ ಸುದ್ದಿ ಮಾತ್ರ ಕೈಯಲ್ಲಿದ್ದಾಗ ನಾನು ಉಲ್ಟಾ ಮಾಡುತ್ತಿದ್ದೆ, 'ಒತ್ತುವರಿ'ಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಹುಡುಕುವುದು. ಇದಕ್ಕೆ ವಿ. ಕೃಷ್ಣ ಅವರ ಅಲರ್ ಕನ್ನಡ-ಇಂಗ್ಲಿಷ್ ಪದಕೋಶ ಆನ್‌ಲೈನಿನಲ್ಲಿ ಪುಕ್ಕಟೆ ಇದೆ, 1.5 ಲಕ್ಷಕ್ಕೂ ಹೆಚ್ಚು ಪದ. ಇಂಗ್ಲಿಷಿನಿಂದ ಕನ್ನಡಕ್ಕೆ ಮೈಸೂರು ವಿಶ್ವವಿದ್ಯಾಲಯದ ನಿಘಂಟು ಇದೆ, ಮೊದಲು ಬಂದದ್ದು 1946ರಲ್ಲಿ. ಗಟ್ಟಿ ಕೆಲಸ. ಆದರೆ ಎಷ್ಟೋ ಸಲ ಇಂಗ್ಲಿಷ್ ಪದಕ್ಕಿಂತ ಅದರ ಕನ್ನಡವೇ ಕಷ್ಟ ಅನ್ನಿಸಿತು. ಕೊನೆಗೆ ನಾನು ಜಾಸ್ತಿ ಬಳಸಿದ್ದು ಲಾಂಗ್‌ಮನ್ ಕಲಿಯುವವರ ಡಿಕ್ಷನರಿ. 1978ರ ಮೊದಲ ಆವೃತ್ತಿಯಿಂದಲೂ ಅದರ ಅರ್ಥಗಳನ್ನೆಲ್ಲ ಸುಮಾರು 2,000 ಸುಲಭ ಪದಗಳಲ್ಲೇ ಬರೆಯುವ ಪದ್ಧತಿ. ಅರ್ಥ ಹುಡುಕಲು ಹೋಗಿ ಇನ್ನೆರಡು ಕಷ್ಟದ ಪದ ತಲೆ ಮೇಲೆ ಬೀಳುವುದಿಲ್ಲ.

ಸಿಕ್ಕ ಪದವನ್ನು ಉಳಿಸಿಕೊಳ್ಳುವುದು ಹೇಗೆ ಅನ್ನುವುದರಲ್ಲೂ ಪೈಪೋಟಿ ಇತ್ತು. ಗೆಳತಿ ನೋಟ್‌ಬುಕ್ ಪಕ್ಷ. ಎಡಕ್ಕೆ ಪದ, ಬಲಕ್ಕೆ ಅರ್ಥ, ಮುತ್ತಿನಂಥ ಅಕ್ಷರ. ನೋಡಲು ಚಂದ, ಆದರೆ ಬರೆದ ಕ್ರಮದಲ್ಲೇ ಓದುವುದರಿಂದ ಮೇಲಿನ ಪದ ನೋಡಿದ ಕೂಡಲೇ ಕೆಳಗಿನದು ನೆನಪಾಗುತ್ತದೆ, ಪೇಪರಿನಲ್ಲಿ ಅದೊಂದೇ ಸಿಕ್ಕರೆ ಗುರುತು ಸಿಗುವುದಿಲ್ಲ. ನಾನು ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿದೆ. ಒಂದು ಕಡೆ ಪೇಪರಿನ ವಾಕ್ಯ, ಪದದ ಜಾಗ ಖಾಲಿ. ಹಿಂದೆ ಆ ಪದ. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದರೆ ವಾಪಸ್ ಮೊದಲ ಡಬ್ಬಿಗೆ. ಮೊದಲ ಡಬ್ಬಿ ದಿನಾ ನೋಡುವುದು, ಕೊನೆಯದು ಅಪರೂಪಕ್ಕೆ. ವಿಜ್ಞಾನ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿದ ಉಪಾಯ ಇದು. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಮೊದಲೇ ಸೋರಿಹೋಗುತ್ತದೆ ಅಂತ ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು, ಆದ್ದರಿಂದ ಮೊದಲ ಕೆಲವು ದಿನ ಬಿಡದೆ ನೋಡಬೇಕು.

ಇದನ್ನೇ ಫೋನಿನಲ್ಲಿ ಮಾಡುವ ಆಪ್ 'ಆಂಕಿ', ಆಂಡ್ರಾಯ್ಡ್‌ಗೆ ಪುಕ್ಕಟೆ. ಯಾವ ಚೀಟಿ ಯಾವಾಗ ಅನ್ನುವ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ಪದ ಜಾಸ್ತಿಯಾದ ಮೇಲೆ ಚೀಟಿ ಬಿಟ್ಟು ಇದಕ್ಕೆ ಬಂದೆ, ಬಸ್ಸಿನಲ್ಲಿ ಕೂತು ನೋಡಬಹುದು ಅಲ್ವಾ. ಬೇರೆಯವರು ಮಾಡಿಟ್ಟ ಕಟ್ಟುಗಳನ್ನು ಮಾತ್ರ ಇಳಿಸಿಕೊಳ್ಳಬೇಡಿ, ಅದು ಮತ್ತೆ ಆ ಪಿಡಿಎಫ್ ಪಟ್ಟಿಯ ಅಣ್ಣನೇ.

ಕಾಗದದ ಪೇಪರೋ, ಇ-ಪೇಪರೋ? ಕಾಗದ. ಬೆರಳಿಟ್ಟ ಕೂಡಲೇ ಅರ್ಥ ತೋರಿಸುವುದಿಲ್ಲ, ಆದ್ದರಿಂದ ಮೊದಲು ಊಹಿಸಲೇಬೇಕು. ಊರಿನಲ್ಲಿ ಮಳೆ ಹಿಡಿದಾಗ ಬಸ್ಸಿಗೆ ಬರುವ ಪೇಪರ್ ತಡ, ಕರೆಂಟ್ ಹೋದರೆ ನೆಟ್‌ವರ್ಕೂ ಇಲ್ಲ, ಹಾಗಾಗಿ ಅಲ್ಲಿ ಎರಡೂ ಸಮಸಮ.

ಯಾವ ದಾರಿ ಹಿಡಿದರೂ ಹೆಡ್‌ಲೈನಿನ ಪದಗಳನ್ನು ಬೇರೆಯೇ ಕಲಿಯಿರಿ. ಜಾಗ ಕಡಿಮೆ ಅಂತ ಅಲ್ಲಿ ಚಿಕ್ಕ ಪದಗಳನ್ನೇ ಬಳಸುತ್ತಾರೆ. ಒಪ್ಪಿಗೆಗೆ 'ನಾಡ್', ಜಗಳಕ್ಕೆ 'ರೋ', ತನಿಖೆಗೆ 'ಪ್ರೋಬ್', ಯೋಚಿಸುವುದಕ್ಕೆ 'ಮಲ್', ರದ್ದು ಮಾಡುವುದಕ್ಕೆ 'ಕ್ವಾಶ್'. ತುಂಬಾ ಇಲ್ಲ, ಬೇಗ ಮುಗಿಯುತ್ತವೆ. ಕ್ರಾಸ್‌ವರ್ಡಿನ ತಂಟೆಗೆ ಹೋಗಬೇಡಿ. ಒಗಟಿನ ಥರ ಸುಳಿವು ಕೊಡುವ ದಿ ಹಿಂದೂವಿನ ಕ್ರಿಪ್ಟಿಕ್ ಪದಬಂಧ ಪದ ಗೊತ್ತಿದ್ದವರು ಆಡುವ ಆಟ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ಅಲ್ಲಿ ಪದಕ್ಕಿಂತ ವೇಗದ್ದೇ ತಲೆಬಿಸಿ. ಅದಕ್ಕೆ ಅಂತ ಈಗ ಕ್ರೀಡಾಪುಟವನ್ನು ಗಡಿಯಾರ ಇಟ್ಟುಕೊಂಡು ಓದುತ್ತೇನೆ. ಕ್ರಿಕೆಟ್ ಮೊದಲೇ ಗೊತ್ತಿರುವುದರಿಂದ ಸರಾಗವಾಗಿ ಹೋಗುತ್ತದೆ. ಟೆನಿಸ್ ಸುದ್ದಿ ಬಂದರೆ ಮಾತ್ರ ಟೈಮ್ ಪೂರ್ತಿ ಅಲ್ಲೇ ಮುಗಿಯುತ್ತದೆ.